ಅಳಿದ ಆಟದ ಮರುಹುಟ್ಟು: ಷಿಕಾಗೊ ವಿಶ್ವವಿದ್ಯಾಲಯದ ಫುಟ್‌ಬಾಲ್ ಮತ್ತು ಸಮುದಾಯದ ನೆನಪು

ಕಲೆಯಾಗಲಿ ಆಟವಾಗಲಿ ಕ್ಷೀಣಿಸಿದಾಗ ಅದನ್ನು ಪುನರುಜ್ಜೀವನಗೊಳಿಸಬೇಕೆಂಬ ಮಾತು ಕೇಳಿಬರುವುದು ಸಹಜ. ಆದರೆ ಮರಳಿ ತರಬೇಕಾದುದು ಹಿಂದಿನ ವೈಭವವನ್ನೋ ಅಥವಾ ಆಡುವವರ ನಿತ್ಯದ ರೂಢಿಯನ್ನೋ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯ ಪರಿಶೀಲನೆಗೆ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಕ್ರೀಡಾ ಇತಿಹಾಸವು ಉತ್ತಮ ನಿದರ್ಶನವಾಗಿದೆ. ಕನ್ನಡದ ಜಾನಪದ ವಿದ್ವಾಂಸರಿಗೆ ಈ ವಿಶ್ವವಿದ್ಯಾಲಯವು ಎ.ಕೆ. ರಾಮಾನುಜನ್ ಅವರ ಮೂಲಕ ಪರಿಚಿತ. ಮೈಸೂರಿನಲ್ಲಿ ಹುಟ್ಟಿ ಮಹಾರಾಜ ಕಾಲೇಜಿನಲ್ಲಿ ಓದಿದ ಅವರು 1960ರ ದಶಕದ ಆರಂಭದಿಂದ 1993ರಲ್ಲಿ ನಿಧನರಾಗುವವರೆಗೆ ಅಲ್ಲಿ ಅಧ್ಯಾಪಕರಾಗಿದ್ದರು. ಅವರು ಅಲ್ಲಿಗೆ ಹೋದಾಗ ಆ ವಿಶ್ವವಿದ್ಯಾಲಯಕ್ಕೆ ಅಧಿಕೃತ ಫುಟ್‌ಬಾಲ್ ತಂಡವೇ ಇರಲಿಲ್ಲ. ಅದು ಮತ್ತೆ ಹುಟ್ಟಿದ್ದು ಅವರ ಅಧ್ಯಾಪನದ ಅವಧಿಯಲ್ಲಿಯೇ.

ಇಲ್ಲಿ ಫುಟ್‌ಬಾಲ್ ಎಂದರೆ ಉದ್ದುರುಟಾದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಎಲ್ಲೆಯೊಳಕ್ಕೆ ನುಗ್ಗುವ ಅಮೆರಿಕನ್ ಆಟವೆಂದು ತಿಳಿಯತಕ್ಕದ್ದು. ನಮ್ಮಲ್ಲಿ ಫುಟ್‌ಬಾಲ್ ಎನಿಸಿಕೊಂಡದ್ದು ಅಲ್ಲಿ ಸಾಕರ್.

ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠಗಳು ಆರಂಭವಾದದ್ದು 1892ರಲ್ಲಿ. ಮೊದಲ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಅವರು ಆ ವರ್ಷವೇ ತಮ್ಮ ಹಳೆಯ ವಿದ್ಯಾರ್ಥಿ ಅಮೋಸ್ ಅಲೊಂಜೊ ಸ್ಟ್ಯಾಗ್ ಅವರನ್ನು ಕ್ರೀಡಾ ವಿಭಾಗದ ಮುಖ್ಯಸ್ಥರನ್ನಾಗಿ ಕರೆತಂದರು. ತರಬೇತುದಾರನಿಗೆ ಅಧ್ಯಾಪಕನ ಸ್ಥಾನವನ್ನು ನೀಡಿದುದು ಆ ಕಾಲಕ್ಕೆ ಹೊಸತು. ಇನ್ನೂ ಹೆಸರು ಗಳಿಸಬೇಕಾಗಿದ್ದ ಸಂಸ್ಥೆಗೆ ಆಟವು ಊರಿನ ಗಮನವನ್ನು ಸೆಳೆದುಕೊಟ್ಟಿತು. 1896ರಲ್ಲಿ ರೂಪುಗೊಂಡು ಮುಂದೆ ಬಿಗ್ ಟೆನ್ ಎಂದು ಪ್ರಸಿದ್ಧವಾದ ವಿಶ್ವವಿದ್ಯಾಲಯಗಳ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಷಿಕಾಗೊ ಒಂದಾಗಿತ್ತು. 1899ರಿಂದ 1924ರವರೆಗೆ ಅದರ ತಂಡ ಏಳು ಬಾರಿ ಒಕ್ಕೂಟದ ಪ್ರಶಸ್ತಿಯನ್ನು ಗಳಿಸಿತು. 1905ರಲ್ಲಿ, ಬಹುಕಾಲ ಸೋಲನ್ನೇ ಕಾಣದಿದ್ದ ಮಿಷಿಗನ್ ತಂಡವನ್ನು 2–0 ಅಂಕಗಳಿಂದ ಮಣಿಸಿದುದು ಈ ಏಳಿಗೆಯ ಶಿಖರವೆನ್ನಬಹುದು.

1924ರ ನಂತರ ಇಳಿಗಾಲ ಮೊದಲಾಯಿತು. ನೆರೆಯ ರಾಜ್ಯ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಸಂಖ್ಯೆಯಲ್ಲಿಯೂ ಕ್ರೀಡಾಂಗಣಗಳ ವಿಸ್ತಾರದಲ್ಲಿಯೂ ಬೆಳೆದವು. ಷಿಕಾಗೊ ಸಂಶೋಧನೆಗೆ ಒತ್ತು ನೀಡುವ ಸಂಸ್ಥೆಯಾಗಿ ಬೆಳೆಯಿತು. 1929ರಲ್ಲಿ ಅಧ್ಯಕ್ಷರಾದ ರಾಬರ್ಟ್ ಮೇನಾರ್ಡ್ ಹಚಿನ್ಸ್ ಅವರು ವಿದ್ಯೆಗೂ ಹಣ ತರುವ ಆಟಕ್ಕೂ ಹೊಂದಿಕೆಯಿಲ್ಲವೆಂಬ ನಿಲುವಿನವರಾಗಿದ್ದರು. ಎಪ್ಪತ್ತು ವರ್ಷ ತುಂಬಿದ ಸ್ಟ್ಯಾಗ್ 1932ರ ಋತುವಿನ ನಂತರ ನಿವೃತ್ತರಾಗಬೇಕಾಯಿತು. 1935ರಲ್ಲಿ ಜೇ ಬರ್ವಾಂಗರ್ ಎಂಬ ಷಿಕಾಗೊ ಆಟಗಾರನಿಗೆ, ಮುಂದೆ ಹೈಸ್‌ಮನ್ ಟ್ರೋಫಿ ಎಂದು ಹೆಸರಾದ ಪ್ರಶಸ್ತಿ ಮೊತ್ತಮೊದಲನೆಯದಾಗಿ ಸಂದಿತು. ಆದರೆ ಒಬ್ಬನ ಪ್ರತಿಭೆ ತಂಡದ ಕುಸಿತವನ್ನು ತಡೆಯಲಾರದಾಯಿತು. 1939ರಲ್ಲಿ ಒಕ್ಕೂಟದ ಮೂರು ಪಂದ್ಯಗಳಲ್ಲಿ ಮಿಷಿಗನ್ 85, ಒಹಾಯೊ ಸ್ಟೇಟ್ 61, ಇಲಿನಾಯ್ 46 ಅಂಕಗಳನ್ನು ಗಳಿಸಿದರೆ ಷಿಕಾಗೊ ಒಂದಂಕವನ್ನೂ ಗಳಿಸಲಿಲ್ಲ. ಅದೇ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯವು ಅಂತರ-ಕಾಲೇಜು ಫುಟ್‌ಬಾಲನ್ನು ರದ್ದುಪಡಿಸಿತು. 1946ರಲ್ಲಿ ಒಕ್ಕೂಟದಿಂದಲೇ ಹೊರಬಂದಿತು.

ಬರಿದಾದ ಮೈದಾನಕ್ಕೆ ಬೇರೊಂದು ಇತಿಹಾಸ ಒದಗಿತು. 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಅವರ ಸಹೋದ್ಯೋಗಿಗಳು ಮಾನವನಿರ್ಮಿತವಾದ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿದ್ದು ಸ್ಟ್ಯಾಗ್ ಮೈದಾನದ ಪ್ರೇಕ್ಷಕರ ಅಟ್ಟಣೆಯ ಕೆಳಗಿನ ಕೋಣೆಯಲ್ಲಿ. 1970ರಲ್ಲಿ ಅದೇ ನೆಲದಲ್ಲಿ ರೆಗೆನ್‌ಸ್ಟೈನ್ ಗ್ರಂಥಾಲಯ ತೆರೆಯಿತು.

ಜಾನಪದದ ದೃಷ್ಟಿಯಿಂದ ಹೆಚ್ಚು ಗಮನಾರ್ಹವಾದುದು ಆಟ ನಿಂತ ಮೇಲೂ ಅದರ ಗುರುತುಗಳು ಉಳಿದುಕೊಂಡ ಬಗೆ. 1893ರ ವಿಶ್ವ ಮೇಳದ ಮಿಡ್‌ವೇ ಎಂಬ ಪ್ರದೇಶವು ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡಿದ್ದುದರಿಂದ ಅದರ ಆಟಗಾರರಿಗೆ 'ಮಿಡ್‌ವೇಯ ದೈತ್ಯರು' ಎಂಬ ಅಡ್ಡಹೆಸರು ಬಂದಿತ್ತು. ಈ ಬಿರುದು ಅದೇ ನಗರದ ವೃತ್ತಿಪರ ತಂಡವಾದ ಷಿಕಾಗೊ ಬೇರ್ಸ್‌ಗೆ ವರ್ಗವಾಯಿತು; ವಿಶ್ವವಿದ್ಯಾಲಯದ 'ಸಿ' ಅಕ್ಷರದ ಲಾಂಛನವನ್ನು ಹೋಲುವ ಚಿಹ್ನೆಯೂ ಆ ತಂಡದ ಶಿರಸ್ತ್ರಾಣವನ್ನೇರಿತು. ಎದುರಾಳಿಗಳ ಹಾಡಿನಲ್ಲಿಯೂ ಷಿಕಾಗೊದ ನೆನಪು ಅಡಗಿದೆ. ಮಿಷಿಗನ್ ವಿಶ್ವವಿದ್ಯಾಲಯದ ಪ್ರಸಿದ್ಧ ಗೀತೆ 'ದಿ ವಿಕ್ಟರ್ಸ್' ರಚಿತವಾದದ್ದು 1898ರಲ್ಲಿ ಷಿಕಾಗೊ ತಂಡವನ್ನು 12–11 ಅಂಕಗಳಿಂದ ಸೋಲಿಸಿದ ಸಂದರ್ಭದಲ್ಲಿ. ಗೆದ್ದವರು ಅಷ್ಟು ಹಿಗ್ಗಿದರೆಂದರೆ ಸೋತವರು ಸಾಮಾನ್ಯರಾಗಿರಲಿಲ್ಲ. ಹೀಗೆ ಆಡಳಿತದ ಆದೇಶವು ತಂಡವನ್ನು ವಿಸರ್ಜಿಸಬಲ್ಲುದೇ ಹೊರತು ಹೆಸರು, ಹಾಡು, ಚಿಹ್ನೆಗಳ ಸಂಚಾರವನ್ನು ತಡೆಯಲಾರದು ಎಂಬುದು ಸ್ಪಷ್ಟವಾಗುತ್ತದೆ.

ಮರುಹುಟ್ಟು ಬಂದದ್ದು ಸದ್ದುಗದ್ದಲವಿಲ್ಲದೆ. 1956ರಲ್ಲಿ ಕ್ರೀಡಾ ನಿರ್ದೇಶಕರಾಗಿ ಬಂದ ವಾಲ್ಟರ್ ಹಾಸ್ ಅವರು ಫುಟ್‌ಬಾಲನ್ನು ದೈಹಿಕ ಶಿಕ್ಷಣದ ಒಂದು ತರಗತಿಯಾಗಿ ಕಲಿಸತೊಡಗಿದರು. ತರಗತಿಯವರು ಬರಬರುತ್ತಾ ನೆರೆಯ ಕಾಲೇಜುಗಳವರೊಡನೆ ಆಡಿದರು. ಇದಕ್ಕೆ ವಿರೋಧವೂ ಇತ್ತು. 1963ರ ನವೆಂಬರ್‌ನಲ್ಲಿ ವಿದ್ಯಾರ್ಥಿಗಳ ಗುಂಪೊಂದು ಮೈದಾನದ ನಡುವೆ ಕುಳಿತು ಆಟವನ್ನು ತಡೆಯಿತು. ಹಣ ಮತ್ತು ಪ್ರತಿಷ್ಠೆಯ ಹಳೆಯ ಫುಟ್‌ಬಾಲು ಹಿಂದಿರುಗೀತೆಂಬುದು ಅವರ ಆತಂಕವಾಗಿತ್ತು. ಈ ಆತಂಕವನ್ನು ಕೇವಲ ಅಡ್ಡಿಯೆಂದು ಎಣಿಸುವುದು ಸರಿಯಲ್ಲ; ಮರಳಿ ಬರುವ ಆಟ ಯಾವ ಬಗೆಯದಾಗಿರಬೇಕೆಂಬ ಚರ್ಚೆಯ ತಿರುಳೇ ಅದರಲ್ಲಿತ್ತು. 1969ರಲ್ಲಿ ತಂಡಕ್ಕೆ ಅಧಿಕೃತ ಮಾನ್ಯತೆ ದೊರೆಯಿತು.

ಮಾನ್ಯತೆ ಪಡೆದ ತಂಡ ಬಿಗ್ ಟೆನ್ನಿಗೆ ಮರಳಲಿಲ್ಲ. 1973ರಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳು ಮೂರು ವರ್ಗಗಳಾಗಿ ವಿಂಗಡಣೆಗೊಂಡಾಗ, ಆಟದ ಕಾರಣಕ್ಕೆ ವಿದ್ಯಾರ್ಥಿವೇತನ ನೀಡದ ಮೂರನೆಯ ವರ್ಗವೇ ಷಿಕಾಗೊದ ನೆಲೆಯಾಯಿತು. 1986ರಲ್ಲಿ ಅದು ತನ್ನಂತೆಯೇ ಸಂಶೋಧನೆಗೆ ಹೆಸರಾದ ಸಂಸ್ಥೆಗಳ ಜೊತೆಗೂಡಿ ಯೂನಿವರ್ಸಿಟಿ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಹೊಸ ಒಕ್ಕೂಟವನ್ನು ಕಟ್ಟಿತು. ಸೋಲಿನ ಕಾಲದಲ್ಲಿ ತನಗಿಂತ ಹಲವು ಪಟ್ಟು ದೊಡ್ಡವರೊಡನೆ ಸೆಣಸಿದ ಸಂಸ್ಥೆ ಈಗ ಸಮಾನರನ್ನು ಆರಿಸಿಕೊಂಡಿತು. ಇದರ ಫಲ ಇತರ ಆಟಗಳಲ್ಲಿಯೂ ಕಾಣಿಸಿತು. 2022ರಲ್ಲಿ ಜೂಲಿಯಾನ್ ಸಿಚ್ ಎಂಬ ಮಹಿಳೆಯ ತರಬೇತಿಯಲ್ಲಿ ಷಿಕಾಗೊದ ಪುರುಷರ ಸಾಕರ್ ತಂಡ ತನ್ನ ವರ್ಗದ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಪುರುಷರ ಸಾಕರ್ ತಂಡವೊಂದು ಮಹಿಳಾ ತರಬೇತುದಾರರ ಕೈಕೆಳಗೆ ಇಂತಹ ಕಾಲೇಜು ಪ್ರಶಸ್ತಿಯನ್ನು ಗಳಿಸಿದ್ದು ಅದೇ ಮೊದಲು.

ಹಚಿನ್ಸ್ ಅವರ ತೀರ್ಮಾನವನ್ನು ವಿದ್ಯೆಯ ವಿಜಯವೆಂದು ಹೊಗಳುವುದುಂಟು. 1969ನ್ನು ಅದರ ಸೋಲೆಂದು ಎಣಿಸುವುದೂ ಉಂಟು. ಇವೆರಡೂ ಪೂರ್ಣಸತ್ಯವಲ್ಲ. 1939ರಲ್ಲಿ ಸತ್ತದ್ದು ಪ್ರೇಕ್ಷಕರಿಗಾಗಿ ಆಡುವ ಆಟ. 1969ರಲ್ಲಿ ಹುಟ್ಟಿದ್ದು ಆಡುವವರಿಗಾಗಿ ಇರುವ ಆಟ. ಹೆಸರು, ಬಣ್ಣ, ಚಿಹ್ನೆಗಳು ಎರಡನ್ನೂ ಒಂದೇ ಪರಂಪರೆಯೆಂದು ತೋರಿಸುತ್ತವೆಯಾದರೂ ಅವುಗಳ ಉದ್ದೇಶ ಬೇರೆ. ಪುನರುಜ್ಜೀವನವು ಪುನರಾವರ್ತನೆಯಾಗಬೇಕಿಲ್ಲ. ಜನಪದ ಕಲೆ ಮತ್ತು ಆಟಗಳ ಉಳಿವನ್ನು ಕುರಿತು ಯೋಚಿಸುವವರೂ ಕಳೆದುಹೋದ ಜನಜಂಗುಳಿಯನ್ನು ಅಳತೆಗೋಲನ್ನಾಗಿ ಇಟ್ಟುಕೊಂಡರೆ ನಿರಾಶರಾಗುವುದು ಖಚಿತ. ಇಂದು ಅದನ್ನು ಆಡಬಯಸುವವರು ಯಾರು, ಅವರಿಗೆ ಸರಿಸಾಟಿಯಾದ ಜೊತೆ ಎಲ್ಲಿದೆ ಎಂದು ಕೇಳಿಕೊಂಡರೆ ಸಣ್ಣದೊಂದು ತರಗತಿಯಿಂದಲೂ ಪರಂಪರೆ ಮತ್ತೆ ಮೊಳೆಯಬಲ್ಲುದು.