ರಜೆಯ ಲೆಕ್ಕಕ್ಕೆ ಸೇರಿದ ಕೂಲಿ

ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಸೆಪ್ಟೆಂಬರಿಗೆ ಕೊಯ್ಲಿಗೆ ಬರುತ್ತದೆ. ಯಂತ್ರಗಳಿಲ್ಲದ ಕಾಲದಲ್ಲಿ ಅದನ್ನು ಬಿಡಿಸಲು ಊರಿನ ಆಳುಗಳು ಸಾಲುತ್ತಿರಲಿಲ್ಲ. ಲಂಡನ್ನಿನ ಈಸ್ಟ್ ಎಂಡ್‌ನ ಬಡ ಕುಟುಂಬಗಳು ಪಾತ್ರೆ, ಹಾಸಿಗೆ, ಮಕ್ಕಳೊಂದಿಗೆ ವಿಶೇಷ ರೈಲು ಹತ್ತಿ ಬರುತ್ತಿದ್ದವು. ಹೊಗೆಯ ಗಲ್ಲಿಗಳಿಂದ ಕೆಲವು ವಾರ ಬಿಡುಗಡೆ; ಬಯಲ ಗಾಳಿ, ರಾತ್ರಿ ಬೆಂಕಿಯ ಸುತ್ತ ಹಾಡು. ಕೈಯಿಂದ ದುಡ್ಡು ಹಾಕಿ ಹೋಗುವ ರಜೆ ಅವರಿಗೆ ಎಟುಕುವಂಥದ್ದಲ್ಲ.

1931ರಲ್ಲಿ ಎರಿಕ್ ಬ್ಲೇರ್ ಎಂಬ 28ರ ತರುಣನೂ ಅಲ್ಲಿಗೆ ಹೋದ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು, ಬರ್ಮಾದ ಪೊಲೀಸ್ ನೌಕರಿ ಬಿಟ್ಟವನು. ಬರವಣಿಗೆಯಿಂದ ಇನ್ನೂ ಹೊಟ್ಟೆ ತುಂಬುತ್ತಿರಲಿಲ್ಲ. ಬಡವರ ಬದುಕನ್ನು ಹತ್ತಿರದಿಂದ ಕಾಣುವ ಹಂಬಲವೂ ಇತ್ತು. ಮುಂದೆ ಜಾರ್ಜ್ ಆರ್ವೆಲ್ ಎಂದು ಹೆಸರಾದವನು ಇವನೇ.

ಕೆಲಸ ಅವನಿಗೂ ಹಿಡಿಸಿತು. ಆದರೆ ಅವನು ಲೆಕ್ಕವನ್ನೂ ಬರೆದಿಟ್ಟ. ಒರಟು ಬಳ್ಳಿ ಅಂಗೈ ಸೀಳುತ್ತಿತ್ತು. ಮಲಗಲು ತಗಡಿನ ಗುಡಿಸಲು, ಒಣಹುಲ್ಲು. ಕೂಲಿ ದಿನಕ್ಕಿಷ್ಟೆಂದಲ್ಲ, ಬುಶೆಲ್ ಅಳತೆಗಿಷ್ಟು. ಹೂ ಹಗುರ, ಅಳೆಯುವವನು ಬುಟ್ಟಿಯಲ್ಲಿ ಅದುಮಿದಷ್ಟೂ ಅಳತೆ ಕುಗ್ಗುತ್ತಿತ್ತು, ಜೊತೆಗೆ ಕೂಲಿಯೂ.

ಹೀಗಿದ್ದೂ ಜನ ವರ್ಷವರ್ಷವೂ ಏಕೆ ಬರುತ್ತಿದ್ದರು? ಇದನ್ನು ಅವರು ರಜೆಯೆಂದೇ ಎಣಿಸಿದ್ದರು, ಅದಕ್ಕೇ ಅಷ್ಟು ಕಡಿಮೆಗೆ ಒಪ್ಪುತ್ತಿದ್ದರು ಎಂದು ಆರ್ವೆಲ್ ಕಂಡುಕೊಂಡ. ಕೆಲಸದ ಖುಷಿಯೇ ಕೂಲಿಯನ್ನು ಕೆಳಗೆ ಹಿಡಿದಿತ್ತು.

ಎರಡನೇ ಮಹಾಯುದ್ಧದ ನಂತರ ಯಂತ್ರಗಳು ಬಂದವು. 1960ರ ದಶಕದಲ್ಲಿ ಈ ವಲಸೆ ಬಹುಪಾಲು ನಿಂತಿತು. ಹೋಗಿಬಂದ ಎಷ್ಟೋ ಜನ ಮುಪ್ಪಿನಲ್ಲಿ ನೆನೆದದ್ದು ಗಾಳಿಯನ್ನು, ಬೆಂಕಿಯನ್ನು, ಹಾಡನ್ನು. ಕೂಲಿಯ ಲೆಕ್ಕ ಆರ್ವೆಲ್ಲನ ದಿನಚರಿಯಲ್ಲಿ ಉಳಿದಿದೆ.