ಹಳೇ ಮನೆ ಕಥೆಗಳು 7: ಸಾಯಣಭಾಷ್ಯ ಬಂದು ನೆಲೆಸಿದ ಮನೆ

ಸಾಯಣಾಚಾರ್ಯರು ಅಂದ್ರೆ ನಮಗೆ ವಿಜಯನಗರ, ಬುಕ್ಕರಾಯ ನೆನಪಾಗ್ತಾರೆ. ಅವರ ಭಾಷ್ಯದ ಸಮೇತ ಇಡೀ ಋಗ್ವೇದವನ್ನು ಅಚ್ಚಿಗೆ ತಂದವರು ಆಕ್ಸ್‌ಫರ್ಡ್‌ನ ಮ್ಯಾಕ್ಸ್ ಮುಲ್ಲರ್. 1849ರಲ್ಲಿ ಶುರುವಾದ ಕೆಲಸ, ಆರು ಸಂಪುಟ, ಮುಗಿದದ್ದು 1874ಕ್ಕೆ. ಆ ಕೊನೆಯ ವರ್ಷಗಳಲ್ಲಿ ಅವರಿದ್ದ ಮನೆ ಇದು: ನಾರ್ಹಮ್ ಗಾರ್ಡನ್ಸ್, ನಂಬರ್ 7.

ಕಟ್ಟಿದ್ದು 1862ರಲ್ಲಿ, ಗೋಲ್ಡ್‌ವಿನ್ ಸ್ಮಿತ್ ಅನ್ನೋ ಇತಿಹಾಸದ ಪ್ರೊಫೆಸರ್‌ಗಾಗಿ. ನಕ್ಷೆ ವಿಲಿಯಂ ವಿಲ್ಕಿನ್ಸನ್‌ರದು. ವಿಲ್ಲಾ ಅಂದ ಕೂಡಲೇ ನಮ್ಮ ಲೇಔಟ್ ಜಾಹೀರಾತು ನೆನೆಸ್ಕೋಬೇಡಿ! ಹಳದಿ ಛಾಯೆಯ ಇಟ್ಟಿಗೆ, ಕಡಿದಾದ ಮಾಡು, ಚೂಪು ಕಮಾನು. ಚರ್ಚಿನ ಗೋಥಿಕ್ ಶೈಲಿಯನ್ನು ಸಂಸಾರದ ಮನೆಗೆ ತಂದಿದ್ದಾರೆ. ಎಡ ಬಲ ಒಂದೇ ಥರ ಇರಲಿ ಅನ್ನೋ ಹಠ ಇಲ್ಲ. ಒಳಗೆ ಕೋಣೆ ಎಲ್ಲಿ ಬೇಕೋ ಹೊರಗೆ ಕಿಟಕಿ ಅಲ್ಲಿ. ನನಗೆ ಮೊದಲ ನೋಟಕ್ಕೆ ಪಾದ್ರಿ ಮನೆ ಅನ್ನಿಸಿತ್ತು.

ಈ ಬಡಾವಣೆಯ ದೊಡ್ಡ ಮನೆಗಳ ಮುಂದೆ ನಿಂತಾಗ ತೀರಾ ಕೆಳಗೂ ತೀರಾ ಮೇಲೂ ನೋಡಿ. ಅಡುಗೆ ನೆಲಮಾಳಿಗೆಯಲ್ಲಿ, ಕೆಲಸದವರ ಮಲಗುವ ಕೋಣೆ ಮಾಡಿನ ಕೆಳಗೆ. ಅವರು ಹತ್ತಿ ಇಳಿಯೋಕೆ ಹಿಂದೆ ಬೇರೆ ಮೆಟ್ಟಿಲು. ಕಮಾನಿನ ಚೆಂದ ನಡುವಿನವರಿಗೆ ಮಾತ್ರ.

ಇನ್ನೊಂದು ವಿಷಯ. ಮನೆ ಗಟ್ಟಿಯಾಗಿ ಕಂಡರೂ ಕಾಲು ಊರಿದ ನೆಲ ಸ್ವಂತದ್ದಾಗಿರಲಿಲ್ಲ. ಇಲ್ಲಿನ ಜಾಗವೆಲ್ಲ ಸೇಂಟ್ ಜಾನ್ಸ್ ಕಾಲೇಜಿನದಾಗಿತ್ತು, ಕೊಟ್ಟಿದ್ದು 99 ವರ್ಷದ ಲೀಸಿಗೆ. ಲೆಕ್ಕ ಹಾಕಿ: 1860ರ ದಶಕದ ಮನೆಗಳ ಲೀಸು 1960ರ ದಶಕದಲ್ಲಿ ಮುಗೀತು. ಆಗ ವಿಕ್ಟೋರಿಯನ್ ಅಂದ್ರೆ ಕುರೂಪ ಅನ್ನೋ ಕಾಲ, ವಿಶ್ವವಿದ್ಯಾಲಯಕ್ಕೋ ಜಾಗದ ಹಸಿವು. ಹಲವು ಮನೆ ಉರುಳಿದವು.

ಉಳಿದವಕ್ಕೆ ಆಸರೆಯಾದದ್ದು 1967ರ ಕಾಯ್ದೆ. ಒಂದೊಂದೇ ಕಟ್ಟಡ ಅಲ್ಲ, ಬೀದಿ, ಕಾಂಪೌಂಡು, ಮರ ಸೇರಿಸಿ ಇಡೀ ಪ್ರದೇಶವನ್ನೇ ಕಾಯುವ ‘ಕನ್ಸರ್ವೇಷನ್ ಏರಿಯಾ’ ಅನ್ನೋ ಏರ್ಪಾಡು ತಂದದ್ದು ಅದೇ. ಮರುವರ್ಷವೇ ಉತ್ತರ ಆಕ್ಸ್‌ಫರ್ಡ್ ಅದರಡಿ ಬಂತು. ಈಗ ಇಂಥ ಕಡೆ ದೊಡ್ಡ ಮರ ಕಡಿಯೋಕೂ ಆರು ವಾರ ಮೊದಲೇ ನೋಟಿಸ್ ಕೊಡಬೇಕು.

ಮರದ ಮಾತು ಸುಮ್ಮನೆ ಎತ್ತಿದ್ದಲ್ಲ. 1896ರ ಮೇ 28ರಂದು ಸ್ವಾಮಿ ವಿವೇಕಾನಂದರು ಮುಲ್ಲರ್‌ರನ್ನು ಕಾಣೋಕೆ ಇಲ್ಲಿಗೆ ಬಂದಿದ್ದರು. ಆಮೇಲೆ ಬರೆದ ಲೇಖನದಲ್ಲಿ ಅವರು ನೆನೆಸಿಕೊಂಡದ್ದು ಚೂಪು ಕಮಾನನ್ನಲ್ಲ, ಚೆಂದದ ತೋಟದ ನಡುವಿನ ಪುಟ್ಟ ಮನೆಯನ್ನು. ಪುಟ್ಟ ಮನೆಯಂತೆ!