ಕಲ್ಲಿಲ್ಲದ ಸ್ಮಾರಕ: ಬೀಬಿ ಫಾತಿಮಾರ ಅಲಂ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯ ಮಕ್ಕಳಿಗೆ ‘ನಮ್ಮೂರಿನ ಸ್ಮಾರಕ’ ಎಂಬ ವಿಷಯ ಕೊಟ್ಟು ಒಂದು ಪುಟ ಬರೆದು ತರಲು ಹೇಳಿದ್ದೆ. ಬಹುತೇಕ ಮಕ್ಕಳು ಬೀದರ ಕೋಟೆಯನ್ನೋ ಮಹಮೂದ್ ಗವಾನನ ಮದರಸಾವನ್ನೋ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ತಮ್ಮೂರಲ್ಲಿ ಮೊಹರಂ ಹೊತ್ತಿಗೆ ಕೂಡ್ರಿಸುವ ಬೀಬಿ ಫಾತಿಮಾರ ಪಂಜಾದ ಬಗ್ಗೆ ಬರೆದು, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಅದರ ಚಿತ್ರವನ್ನೂ ಬಿಡಿಸಿದ್ದಳು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ಇದು ಸ್ಮಾರಕವಲ್ಲ, ಹಬ್ಬ’ ಎಂದು ಬರೆದೆ, ಅಂಕ ಕೊಡಲಿಲ್ಲ. ಅವಳು ಎದ್ದು ನಿಂತು, “ಸರ, ಕಲ್ಲಿಂದು ಇದ್ರೇ ಸ್ಮಾರಕ ಏನ್ರಿ?” ಎಂದಳು. “ಕೂಡು” ಎಂದೆ. ಕುಳಿತಳು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇರಲಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಈಗ ಬರೆಯುತ್ತಿರುವುದು ಆ ಉತ್ತರವನ್ನೇ.

ವಿಚಿತ್ರವೆಂದರೆ ನಾನೂ ಅದೇ ಅಲಂ ನೋಡುತ್ತ ಬೆಳೆದವನು. ನನ್ನ ಬಾಲ್ಯ ಕಳೆದದ್ದು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಲ್ಲಿ. ಮೊಹರಂ ಚಾಂದ್ರಮಾನದ ತಿಂಗಳು. ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ 1970ರ ಆಸುಪಾಸಿನಲ್ಲಿ ಅದು ಬೇಸಿಗೆಯ ಹೊಸ್ತಿಲಲ್ಲಿ ಬರುತ್ತಿತ್ತು. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು ಮುಜಾವರರು ಹೊರತೆಗೆದು, ಹುಣಸೆಹಣ್ಣು ಹಚ್ಚಿ ಬೆಳಗಿ, ಕೋಲಿಗೆ ಏರಿಸಿ, ಬಣ್ಣದ ದಟ್ಟಿ ಸುತ್ತಿ ನಿಲ್ಲಿಸುತ್ತಿದ್ದರು. ಎದುರಿಗೆ ಬೆಂಕಿಯ ಕುಣಿ. ನಮ್ಮವ್ವ ಬೀಬಿಯ ಮುಂದೆ ಸಕ್ಕರೆ ಓದಿಸಿಕೊಂಡು, ಹಸಿರು ಬಳೆ ಇಟ್ಟು ಬರುತ್ತಿದ್ದಳು. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಬೀಬಿಯೂ ಮಕ್ಕಳ ದುಃಖ ಉಂಡ ತಾಯಿ, ಆಕೆಗೆ ಹೇಳಿದರೆ ತಿಳಿಯುತ್ತದೆ ಎಂಬುದು ಅವ್ವನ ನಂಬಿಕೆ. ಬಿ.ಎಡ್. ಮುಗಿಸಿ ಬಂದ ಮೇಲೆ ನಾನು ಇದನ್ನೆಲ್ಲ ‘ಮೂಢನಂಬಿಕೆ’ ಎಂಬ ಒಂದೇ ಪದದಲ್ಲಿ ಕಟ್ಟಿಟ್ಟುಬಿಟ್ಟಿದ್ದೆ.

ಇನ್ನು ಇತಿಹಾಸಕ್ಕೆ ಬರೋಣ. ಫಾತಿಮಾ ಪ್ರವಾದಿ ಮುಹಮ್ಮದರ ಮತ್ತು ಖದೀಜಾರ ಮಗಳು, ಹಜರತ್ ಅಲಿಯವರ ಪತ್ನಿ, ಹಸನ್ ಹುಸೇನರ ತಾಯಿ. ತಂದೆ ತೀರಿಕೊಂಡ 632ನೆಯ ಇಸವಿಯಲ್ಲಿಯೇ, ಕೆಲವೇ ತಿಂಗಳ ಅಂತರದಲ್ಲಿ ಆಕೆಯೂ ತೀರಿಕೊಂಡರು. ಮಗ ಹುಸೇನರು ಕರ್ಬಲಾದಲ್ಲಿ ಹತರಾದದ್ದು 680ರ ಅಕ್ಟೋಬರದಲ್ಲಿ, ಮೊಹರಂ ಹತ್ತನೆಯ ದಿನ. ಅಂದರೆ ಮಗನ ಸಾವನ್ನು ತಾಯಿ ಕಾಣಲಿಲ್ಲ. ಆದರೂ ಕರ್ಬಲಾದ ಶೋಕದಲ್ಲಿ ಜನ ಆಕೆಯನ್ನು ತಾಯಿಯ ಸ್ಥಾನದಲ್ಲಿ ಕೂಡ್ರಿಸಿಯೇ ಕೂಡ್ರಿಸಿದರು. ಪಂಜಾದ ಐದು ಬೆರಳುಗಳು ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಎಂಬ ಐವರನ್ನು ಸೂಚಿಸುತ್ತವೆ.

ಈ ಅಲಂ ನಮ್ಮ ದಖನಿಗೆ ಬೇರೂರಿದ ಬಗೆಯನ್ನು ತಿಳಿಯಲು ಬೀದರಿನಿಂದಲೇ ಹೊರಡಬೇಕು. ಬಹಮನಿ ಸುಲ್ತಾನ ಅಹಮದ್ ಷಾ ವಲಿ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಇರಾನಿನ ಕಿರ್ಮಾನ್ ಪ್ರಾಂತದ ಸೂಫಿ ಶಾಹ ನಿಯಾಮತುಲ್ಲಾರ ಮನೆತನವನ್ನು ಕರೆಸಿಕೊಂಡನು. ಅವರ ಮಗ ಖಲೀಲುಲ್ಲಾರ ಸಮಾಧಿಯೇ ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ. ಹೀಗೆ ಇರಾನಿನಿಂದ ಬಂದ ವಿದ್ವಾಂಸರು, ವ್ಯಾಪಾರಿಗಳು, ಕುಶಲಕರ್ಮಿಗಳೊಡನೆ ಅಲ್ಲಿಯ ಭಕ್ತಿಪದ್ಧತಿಗಳೂ ಬಂದವು. ಬಹಮನಿ ರಾಜ್ಯ ಒಡೆದ ಬಳಿಕ ವಿಜಾಪುರ, ಗೋಲ್ಕೊಂಡಗಳಲ್ಲಿ ಷಿಯಾ ಪಂಥಕ್ಕೆ ಅರಸರ ಆಶ್ರಯವೇ ದೊರೆಯಿತು. ಹೈದರಾಬಾದನ್ನು ಕಟ್ಟಿದ ಮುಹಮ್ಮದ್ ಕುಲಿ ಕುತುಬ್ ಷಾ 1590ರ ದಶಕದಲ್ಲಿ ಬಾದಶಾಹಿ ಆಶುರ್ಖಾನಾವನ್ನು ಕಟ್ಟಿಸಿದನು. ಸ್ವತಃ ದಖನಿ ಭಾಷೆಯಲ್ಲಿ ಶೋಕಗೀತೆಗಳನ್ನೂ ರಚಿಸಿದನು.

ಅವನ ಮಗಳು ಹಯಾತ್ ಬಖ್ಷಿ ಬೇಗಂ. ಸುಲ್ತಾನನ ಮಗಳು, ಸುಲ್ತಾನನ ಮಡದಿ, ಸುಲ್ತಾನನ ತಾಯಿ. ಗೋಲ್ಕೊಂಡದಲ್ಲಿ ಬೀಬಿ ಫಾತಿಮಾರ ಅಲಂ ಸ್ಥಾಪಿಸಿದವಳು ಈಕೆಯೇ ಎಂದು ಪರಂಪರೆ ಹೇಳುತ್ತದೆ. ಫಾತಿಮಾರ ಅಂತ್ಯಸ್ನಾನದ ಹಲಗೆಯ ತುಣುಕೊಂದು ಅದರಲ್ಲಿದೆಯೆಂಬುದು ಭಕ್ತರ ನಂಬಿಕೆ. ಮುಂದೆ ಆ ಅಲಂ ಹೈದರಾಬಾದಿನ ದಬೀರಪುರಾಕ್ಕೆ ಬಂದಿತು. ಆ ಸ್ಥಳವೇ ‘ಬೀಬಿ ಕಾ ಅಲಾವಾ’. ಅಲಾವಾ ಎಂದರೆ ಬೆಂಕಿಯ ಕುಣಿ. ನಮ್ಮ ಹಳ್ಳಿಗಳ ‘ಅಲಾಯಿ’ಯೂ ಇದೇ ಪದದ ಬಂಧು. ಇಂದಿಗೂ ಮೊಹರಂ ಹತ್ತನೆಯ ದಿನ ಆ ಅಲಂ ಆನೆಯ ಮೇಲೆ ಚಾದರಘಾಟಿನ ಕಡೆಗೆ ಹೊರಡುತ್ತದೆ. 1948ರವರೆಗೆ ನಾವು ನಿಜಾಮರ ಪ್ರಜೆಗಳು. 1956ರ ನವೆಂಬರ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಹೀಗಾಗಿ ನಮ್ಮ ಹಿರಿಯರಿಗೆ ಹೈದರಾಬಾದ್ ದೂರದ ಊರಾಗಿರಲಿಲ್ಲ.

ಬೀದರಿಗೆ ಇನ್ನೊಂದು ನಂಟೂ ಇದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಕೂಡಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅದೇ ಬಿದರಿ. 2006ರಲ್ಲಿ ಭೌಗೋಳಿಕ ಸೂಚಕ ದೊರೆತ, 2023ರಲ್ಲಿ ಬೀದರಿನ ಶಾಹ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದ ಈ ಕಲೆಯಲ್ಲಿ ಹುಕ್ಕಾ, ಹೂದಾನಿಗಳಷ್ಟೇ ಅಲ್ಲ, ಅಲಂಗಳೂ ತಯಾರಾಗಿವೆ.

ಈಗ ಪೇಟೆಯ ಕಲಾವಿದರು ‘ಇನ್‌ಸ್ಟಲೇಶನ್’ ಎಂದು ಕರೆಯುವುದುಂಟು: ಗೋಡೆಗೆ ತೂಗುಹಾಕಿದ ಚಿತ್ರವಲ್ಲ, ಒಂದು ಜಾಗವನ್ನೇ ವಸ್ತು, ಬಟ್ಟೆ, ಬೆಳಕುಗಳಿಂದ ಕಟ್ಟಿ, ಅದರೊಳಗೆ ನೋಡುಗನನ್ನು ನಿಲ್ಲಿಸುವ ಕಲೆ. ಅಲ್ಜೀರಿಯಾದಲ್ಲಿ 1947ರಲ್ಲಿ ಹುಟ್ಟಿದ ರಶೀದ್ ಕೊರೈಶಿ ಇದರಲ್ಲಿ ಹೆಸರಾದವರು. ಸೂಫಿ ಗುರುಗಳನ್ನು ನೆನೆದು 99 ಬಟ್ಟೆಯ ಪತಾಕೆಗಳನ್ನು ಮಾಡಿ 2011ರ ಜಮೀಲ್ ಪ್ರಶಸ್ತಿ ಪಡೆದರು. ಅದಕ್ಕೂ ಮೊದಲು ನೀಲಿ ಬಣ್ಣದ ಏಳು ರೂಪಗಳೆಂಬ ಕೃತಿಯನ್ನು ಬಸ್ರಾದ ರಾಬಿಯಾರಿಗೆ ಅರ್ಪಿಸಿದ್ದರು. ಎಂಟನೆಯ ಶತಮಾನದ ಈ ಸಂತಳು ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ನೀರು ಹಿಡಿದು, ಸ್ವರ್ಗವನ್ನು ಸುಟ್ಟು ನರಕವನ್ನು ಆರಿಸುತ್ತೇನೆ, ಆಗ ಜನ ಆಸೆಯೂ ಭಯವೂ ಇಲ್ಲದೆ ದೇವರನ್ನು ನೆನೆಯಲಿ ಎಂದಳಂತೆ. ಅಕ್ಕಮಹಾದೇವಿ ನಡೆದು ಬಂದ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇರುವಾಗ ರಾಬಿಯಾ ನಮಗೆ ಅಪರಿಚಿತಳೆನಿಸುವುದಿಲ್ಲ.

ಕೊರೈಶಿಯವರ ಪತಾಕೆಗಳ ಚಿತ್ರ ನೋಡುವಾಗ ನನಗೆ ನೆನಪಾದದ್ದು ಚಿಂಚೋಳಿಯ ದಟ್ಟಿಗಳು. ಕೋಲು, ಬಟ್ಟೆ, ಲೋಹ, ಲೋಬಾನದ ಹೊಗೆ, ಕುಣಿಯ ಬೆಂಕಿ, ರಿವಾಯತ್ ಪದ, ಸುತ್ತ ನಿಂತ ಊರು. ಕೆಲವು ದಿನ ಇದ್ದು ಬಿಚ್ಚಿಹೋಗುವ ಕಟ್ಟೋಣ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅಲ್ಲಿ ನಿಲ್ಲಿಸುವವನು ಕಲಾವಿದ, ನೋಡುವವರು ಪ್ರೇಕ್ಷಕರು. ಇಲ್ಲಿ ಬಡಿಗನು ಕೋಲು ಕೆತ್ತಿ ಕೊಡುತ್ತಾನೆ, ಹಲಗೆಯವರು ಬಾರಿಸುತ್ತಾರೆ, ಮುಜಾವರರು ಓದಿಸುತ್ತಾರೆ, ಅವ್ವನಂಥವರು ಬಳೆ ತರುತ್ತಾರೆ. ಯಾರೂ ಇದನ್ನು ಕಲೆಯೆನ್ನುವುದಿಲ್ಲ.

ಇದನ್ನು ಒಪ್ಪದವರೂ ಇದ್ದಾರೆಂಬುದನ್ನು ಮುಚ್ಚಿಡಲಾರೆ. ಅಲಂ ಕೂಡ್ರಿಸುವುದು ಧರ್ಮಸಮ್ಮತವಲ್ಲವೆಂದು ಮುಸಲ್ಮಾನರಲ್ಲಿಯೇ ಅನೇಕರು ಹೇಳುತ್ತಾರೆ. ಅದು ನಮ್ಮ ದೇವರಲ್ಲವೆಂದು ದೂರ ಸರಿಯುವ ಹಿಂದೂಗಳೂ ಇದ್ದಾರೆ. ನಂಬುವುದೂ ಬಿಡುವುದೂ ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ಇತಿಹಾಸದ ಮೇಷ್ಟರು ಇದ್ದದ್ದನ್ನು ಇರಲಿಲ್ಲವೆನ್ನಬಾರದು. ನಾನು ಅದನ್ನೇ ಮಾಡಿದ್ದೆ.

ಕೋಟೆಗೆ ಇಲಾಖೆಯ ಕಾವಲಿದೆ. ಜನ ಮರೆತರೂ ಗೋಡೆ ನಿಂತಿರುತ್ತದೆ. ಬೀಬಿಯ ಅಲಂ ಹಾಗಲ್ಲ. ಒಂದು ವರ್ಷ ಯಾರೂ ಪೆಟ್ಟಿಗೆ ತೆರೆಯದಿದ್ದರೆ ಅದು ಅಂದಿಗೇ ಮುಗಿಯಿತು. ನಾಲ್ಕು ಶತಮಾನಕ್ಕೂ ಹಿಂದಿನ ಒಂದು ಪದ್ಧತಿ ಪ್ರತಿವರ್ಷ ಹೊಸದಾಗಿ ಎದ್ದು ನಿಲ್ಲುತ್ತ ನಮ್ಮ ಹಳ್ಳಿಯವರೆಗೆ ಬಂದಿದೆಯೆಂದರೆ, ಅದಕ್ಕೆ ಸ್ಮಾರಕವೆನ್ನದೆ ಇನ್ನೇನೆನ್ನಲಿ?

ಆ ಹುಡುಗಿ ಈಗ ಎಲ್ಲಿದ್ದಾಳೋ, ಅವಳಿಗೂ ಎಂಟನೆಯ ತರಗತಿಯ ಮಕ್ಕಳಿರಬಹುದು. ಹೆಸರು ಬರೆಯುವುದಿಲ್ಲ, ಇದನ್ನು ಓದಿದರೆ ಅವಳಿಗೇ ತಿಳಿಯುತ್ತದೆ. ತಂಗಿ, ನಿನ್ನ ಉತ್ತರ ಸರಿಯಾಗಿತ್ತು. ಹತ್ತಕ್ಕೆ ಹತ್ತು. ತಡವಾಯಿತು, ಕ್ಷಮಿಸು.

ಉಳಿದವರಿಗೆ ಒಂದು ವಿನಂತಿ. ನಿಮ್ಮೂರಿನಲ್ಲಿ ಬೀಬಿಯ ಅಲಂ ಕೂಡ್ರುತ್ತಿದ್ದರೆ, ಅದನ್ನು ಯಾರು ಕೂಡ್ರಿಸುತ್ತಾರೆ, ಕೋಲು ಯಾರು ಕೊಡುತ್ತಾರೆ, ಯಾವ ಪದ ಹಾಡುತ್ತಾರೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿರಿ. ನಮ್ಮವ್ವನನ್ನು ಕೇಳಬೇಕೆಂದು ನನಗೆ ತೋಚಿದಾಗ ಆಕೆ ಇರಲಿಲ್ಲ.